ಅಷ್ಟೂ ಮುತ್ತು ಕೊರೆಯಬೇಡಿ, ತುದಿಯ ಮೂರು ಮೂರು ಸಾಕು

ಅಜ್ಜಿಯ ಮುತ್ತಿನ ಸರ ಹೊಸದಾಗಿ ಪೋಣಿಸಬೇಕು, ರೇಷ್ಮೆ ದಾರ ಎರಡನೇ ಸಲ ತೂತಿನೊಳಗೆ ಹೋಗುತ್ತಿಲ್ಲ, ಎಲ್ಲ ಮುತ್ತನ್ನೂ ಕೊರೆಯಲು ಯಾವ ಕರೆಂಟ್ ಡ್ರಿಲ್ ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ಡ್ರಿಲ್ಲೂ ಬೇಡ, ಎಲ್ಲ ಮುತ್ತು ಕೊರೆಯುವುದೂ ಬೇಡ.

ನಾನು ಶಿರಸಿಯಲ್ಲಿ ಮನೆಯಲ್ಲೇ ಸರ ಪೋಣಿಸಿಕೊಡುತ್ತೇನೆ. ಕರಿಮಣಿ, ಹವಳವೇ ಜಾಸ್ತಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಪೆಟ್ಟಿಗೆಯಲ್ಲಿದ್ದ ಹಳೇ ಸರಗಳೆಲ್ಲ ಹೊರಗೆ ಬರುತ್ತವೆ. ಅಂಥ ಒಂದು ಜಾತ್ರೆಯ ಮುಂಚೆ ನಮ್ಮ ಕೇರಿಯ ಅಕ್ಕ ಒಬ್ಬರು ತಮ್ಮ ಅತ್ತೆಯ ಮುತ್ತಿನ ಸರ ತಂದುಕೊಟ್ಟರು. ತುದಿಯಲ್ಲಿ ಸಣ್ಣ ಮುತ್ತು, ನಡುವೆ ಎಲ್ಲಕ್ಕಿಂತ ದೊಡ್ಡದೊಂದು. ನನಗೂ ನಿಮ್ಮ ಯೋಚನೆಯೇ ಬಂದಿತ್ತು. ಎಲ್ಲದರ ತೂತೂ ದೊಡ್ಡದು ಮಾಡಿಬಿಟ್ಟರೆ ದಾರ ಸಲೀಸಾಗಿ ಹೋಗುತ್ತದೆ, ಅಲ್ವಾ?

ನಡುವಿನ ಮುತ್ತೇ ಸೀಳಿತು.

ಯಾಕೆ ಸೀಳಿತು ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲೂ ಸೀಳುವುದು ಅಲ್ಲೇ. ಮುತ್ತನ್ನು ಸಾಮಾನ್ಯವಾಗಿ ಎರಡೂ ಕಡೆಯಿಂದ ಕೊರೆದಿರುತ್ತಾರೆ. ಎರಡು ತೂತು ಒಳಗೆ ಸೇರುವ ಕಡೆ ನೇರ ಕೂಡದೆ ಒಂದು ಸಣ್ಣ ಮೆಟ್ಟಿಲು ಉಳಿಯುತ್ತದೆ. ತೂತು ಅಗಲ ಮಾಡಲು ನಾನು ಹಿಡಿದದ್ದು ರೀಮರ್, ಅಂದರೆ ವಜ್ರದ ಪುಡಿ ಅಂಟಿಸಿದ ಚೂಪು ಮೊನೆಯ ಕಡ್ಡಿ. ಅದು ಹಿಂದೆ ಹೋದಷ್ಟೂ ದಪ್ಪ. ಮೊನೆ ಆ ಮೆಟ್ಟಿಲಿಗೆ ತಾಗಿ ನಿಂತಿತು. ನಾನು ತಿರುಗಿಸುವುದು ಬಿಟ್ಟು ಒತ್ತಿದೆ. ಮುಂದೆ ದಾರಿ ಇಲ್ಲ, ಹಿಂದಿನ ದಪ್ಪ ಭಾಗ ಬೆಣೆ ಹೊಡೆದ ಹಾಗೆ ತೂತಿನ ಬಾಯಿಯನ್ನು ಅಗಲಿಸಿತು. ಮುತ್ತು ಪದರ ಪದರವಾಗಿ ಬೆಳೆದದ್ದು, ಬಾಯಿಯಿಂದ ಕೆಳಗಿನವರೆಗೆ ಬಿರುಕು ಓಡಿತು. ನೀರೂ ಹಾಕಿರಲಿಲ್ಲ. ಬಿಸಿಯಾದರೆ ಮುತ್ತಿಗೂ ಕೇಡು, ವಜ್ರದ ಪುಡಿಯೂ ಬೇಗ ಉದುರಿ ಕಡ್ಡಿ ಹಿಡಿಯುವುದಿಲ್ಲ.

ಶೇಟರ ಅಂಗಡಿಗಳಿಗೆ ಅಲೆದು ಅದೇ ಅಳತೆಯ ಮುತ್ತು ತಂದೆ. ಅತ್ತೆಯ ಮುತ್ತುಗಳೆಲ್ಲ ಹಳೆಯದಾಗಿ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದವು, ಹೊಸದು ಬೆಳ್ಳಗೆ ಎದ್ದು ಕಾಣುತ್ತಿತ್ತು. “ಇರ್ಲಿ ಬಿಡು ತಂಗಿ” ಅಂದರು ಅಕ್ಕ. ಇವತ್ತಿಗೂ ಅವರು ಆ ಸರ ಹಾಕಿಕೊಂಡರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಆ ಮುತ್ತನ್ನು ಮುಟ್ಟಬೇಕಾಗಿಯೇ ಇರಲಿಲ್ಲ! ಗಂಟು ಹಾಕಿ ಪೋಣಿಸುವ ಸರದಲ್ಲಿ ದಾರ ಎರಡು ಸಲ ಹೋಗುವುದು ಕೊಂಡಿಯ ಹತ್ತಿರದ ಮುತ್ತುಗಳಲ್ಲಿ ಮಾತ್ರ. ನಾನು ಈ ಕಡೆ ಮೂರು, ಆ ಕಡೆ ಮೂರು ಮಾಡುತ್ತೇನೆ. ಉಳಿದವಕ್ಕೆ ಒಂದೇ ಎಳೆ. ಅವುಗಳ ತೂತನ್ನೂ ಅಗಲ ಮಾಡಿದರೆ ಮುತ್ತಿನ ಮಧ್ಯೆ ಹಾಕಿದ ಗಂಟು ತೂತಿನೊಳಗೇ ಜಾರಿಹೋಗುತ್ತದೆ. ಆಮೇಲೆ ಗಂಟು ಹಾಕಿ ಏನು ಪ್ರಯೋಜನ?

ಮೊದಲು ದಾರ ಬದಲಿಸಿ ನೋಡಿ. ಸುಮಾರು 0.8 ಮಿ.ಮೀ. ತೂತಿಗೆ 0.6ರ ದಾರ ಎರಡು ಸಲ ಹೋಗದಿದ್ದರೂ 0.45ರದ್ದು ಸ್ವಲ್ಪ ಒತ್ತಿಕೊಂಡು ಹೋಗುವುದುಂಟು. ಹೋಗದಿದ್ದರೆ ಮಾತ್ರ ರೀಮರ್ ಹಿಡಿಯಿರಿ. ಬಟ್ಟಲಿಗೆ ನೀರು ಹಾಕಿ, ಮುತ್ತನ್ನು ಬೆರಳಲ್ಲೇ ಹಿಡಿದು ನೀರಿನೊಳಗೇ ತಿರುಗಿಸಿ. ಇಕ್ಕಳದಲ್ಲಿ ಹಿಡಿಯಬೇಡಿ. ಸ್ವಲ್ಪ ತಿರುಗಿಸಿ, ಹೊರಗೆ ತೆಗೆದು ಬಿಳಿ ಕೆಸರು ತೊಳೆಯಿರಿ, ಮತ್ತೆ ತಿರುಗಿಸಿ. ಕಡ್ಡಿ ತಡೆದ ಕೂಡಲೇ ಮುತ್ತನ್ನು ತಿರುಗಿಸಿ ಹಿಡಿದು ಆ ಕಡೆಯ ಬಾಯಿಂದ ಬನ್ನಿ. ಒಂದೇ ಕಡೆಯಿಂದ ತೂರಿಸಿದರೆ ಹೊರಬೀಳುವ ಕಡೆ ಚಕ್ಕೆ ಏಳುತ್ತದೆ. ನೀರಿದ್ದರೆ ಧೂಳೂ ಏಳುವುದಿಲ್ಲ, ಆ ಧೂಳು ಮೂಗಿಗೆ ಹೋಗಬಾರದು.

ಹವಳಕ್ಕೂ ಇದೇ ಕ್ರಮ. ಗೋಕರ್ಣದಲ್ಲಿ ಸಿಗುವ ತುಳಸಿಮಣಿಗೆ ಮಾತ್ರ ನೀರು ಬೇಡ, ಮರ ಉಬ್ಬುತ್ತದೆ. ಮರಳು ಕಾಗದವನ್ನು ಸಣ್ಣಗೆ ಸುರುಳಿ ಸುತ್ತಿ ಒಳಗೆ ಆಡಿಸಿ.

ಕೊರೆದ ಮುತ್ತನ್ನು ಒಂದು ರಾತ್ರಿ ಬಟ್ಟೆಯ ಮೇಲೆ ಒಣಗಲು ಬಿಡಿ. ತೂತಿನೊಳಗೆ ತೇವ ಇರುವಾಗ ಪೋಣಿಸಿದರೆ ರೇಷ್ಮೆ ಹಿಗ್ಗಿ ಗಂಟಿನ ಮಧ್ಯೆ ಸಂದು ಬೀಳುತ್ತದೆ.