ಹಾಸಿಗೆ ಹಿಡಿದವರ ಮನೆಗೆ ನೆರವಿಗೆ ಹೋಗುವ ಮುನ್ನ

ಪ್ರಶ್ನೆ: ನಮ್ಮ ಬೀದಿಯ ಹಿರಿಯರೊಬ್ಬರು ಲಕ್ವ ಹೊಡೆದು ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಸೊಸೆ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ನಾವು ಐದು ಮಂದಿ ನೆರವಾಗಬೇಕೆಂದಿದ್ದೇವೆ. ಯಾರಿಗೂ ನರ್ಸಿಂಗ್ ಗೊತ್ತಿಲ್ಲ. ಎಲ್ಲಿಂದ ಶುರು ಮಾಡುವುದು?
— ಓದುಗರು, ತಿಪಟೂರು

ಉತ್ತರ: ಆ ಸೊಸೆಯ ನಿದ್ದೆಯಿಂದ. "ಏನಾದ್ರೂ ಬೇಕಿದ್ರೆ ಹೇಳಿ" ಅಂದು ಬಂದರೆ ಅವರು ಸಂಕೋಚಕ್ಕೆ ಎಂದೂ ಹೇಳುವುದಿಲ್ಲ. "ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ನಾವಿಬ್ಬರು ಇಲ್ಲಿರ್ತೀವಿ, ನೀವು ಮಲಗಿ" ಎಂದು ದಿನ, ಗಂಟೆ ಹೇಳಿ. ಐವರೂ ಒಟ್ಟಿಗೆ ಹೋದರೆ ಅವರಿಗೆ ಕಾಫಿ ಮಾಡುವ ಕೆಲಸವೊಂದು ಹೆಚ್ಚುತ್ತದೆ, ಅಷ್ಟೆ.

ಇಬ್ಬರೇ ಯಾಕೆಂದರೆ ಮಗ್ಗುಲು ಬದಲಿಸಲು ಇಬ್ಬರು ಬೇಕು. ಹಳೆಯ ಹತ್ತಿ ಸೀರೆಯನ್ನು ಮಡಿಸಿ, ಭುಜದಿಂದ ತೊಡೆಯವರೆಗೆ ಬರುವಂತೆ ಮೈಕೆಳಗೆ ಹಾಸಿ. ಆಚೆ ಈಚೆ ನಿಂತು ಅಂಚನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು, "ಒಂದು, ಎರಡು, ಮೂರು" ಎಂದು ಒಟ್ಟಿಗೆ ಎತ್ತಿ ಸರಿಸಿ. ಎಳೆಯಬೇಡಿ, ಎಳೆದಾಗ ಚರ್ಮ ಹಾಸಿಗೆಗೆ ಅಂಟಿ, ಒಳಗಿನ ಮೂಳೆ ಮಾತ್ರ ಜರುಗುತ್ತದೆ, ಹುಣ್ಣು ಅಲ್ಲೇ ಶುರು. ಲಕ್ವ ಹೊಡೆದ ಕೈಯನ್ನಂತೂ ಹಿಡಿದು ಜಗ್ಗಲೇಬಾರದು, ಭುಜದ ಕೀಲು ಜಾರುತ್ತದೆ.

ಪೂರ್ತಿ ಮಗ್ಗುಲಾಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬಿಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಗಾಳಿಯಲ್ಲಿರಲಿ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಬದಲಾವಣೆ. ಬೆನ್ನಿನ ಕೆಳಗೆ ಕೆಂಪಾಗಿದ್ದರೆ ಬೆರಳಿಂದ ಒತ್ತಿ ನೋಡಿ. ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಒಳಗೆ ಪೆಟ್ಟಾಗಿದೆ ಎಂದರ್ಥ. ಅಲ್ಲಿ ಎಣ್ಣೆ ತಿಕ್ಕುವುದು, ಸ್ಪಿರಿಟ್ ಹಚ್ಚುವುದು, ಗಾಳಿ ತುಂಬಿದ ರಬ್ಬರ್ ಬಳೆ ಇಡುವುದು ಮೂರೂ ಕೆಡುಕೇ. ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ, ನರ್ಸ್‌ಗೆ ತಿಳಿಸಿ.

ಏರ್ ಬೆಡ್ (ಪಂಪ್ ಗಾಳಿ ತುಂಬುವ ಹಾಸಿಗೆ) ಇದ್ದರೂ ಮಗ್ಗುಲು ಬದಲಿಸುವುದು ತಪ್ಪದು. ಅದರ ಮೇಲೆ ಕೌದಿ, ದಪ್ಪ ಪ್ಲಾಸ್ಟಿಕ್ ಹಾಸಿದರೆ ಪ್ರಯೋಜನವಿಲ್ಲ. ತೆಳು ಬೆಡ್‌ಶೀಟ್ ಒಂದೇ, ಅದೂ ಸಡಿಲವಾಗಿ. ಪೃಷ್ಠದ ನೇರಕ್ಕೆ ಏರ್ ಬೆಡ್‌ನ ಅಡಿಗೆ ಅಂಗೈ ತೂರಿಸಿ: ರೋಗಿಯ ಮೂಳೆ ಕೈಗೆ ತಾಗುವಂತಿದ್ದರೆ ಗಾಳಿ ಸಾಲದು. ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ, ಆದ್ದರಿಂದ ಅದರ ಪ್ಲಗ್ ಯುಪಿಎಸ್ ಲೈನಿನಲ್ಲಿರಲಿ.

ಊಟ ಮಾಡಿಸುವಾಗ ಎಬ್ಬಿಸಿ ಕೂರಿಸಿ, ಗದ್ದ ತುಸು ಕೆಳಗಿರಲಿ, ಚಿಕ್ಕ ಚಮಚ. ಕೆಮ್ಮಿದರೆ ಅಥವಾ ದನಿಯಲ್ಲಿ ನೀರು ಗುಳುಗುಳು ಅಂದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಮಂಚದ ಪಕ್ಕ ಒಂದು ನೋಟ್‌ಬುಕ್ ಕಟ್ಟಿಡಿ. ಯಾವ ಮಗ್ಗುಲು ಎಷ್ಟು ಗಂಟೆಗೆ, ಎಷ್ಟು ಕುಡಿದರು, ಮೂತ್ರ, ಮಲ, ಮಾತ್ರೆ. ಇದಿಲ್ಲದಿದ್ದರೆ ಒಂದೇ ಮಾತ್ರೆ ಎರಡು ಸಲ ಹೋಗುತ್ತದೆ. ಔಷಧಿಯ ಪ್ರಮಾಣ ಬದಲಿಸುವುದು ನಿಮ್ಮ ಕೆಲಸವಲ್ಲ.

ಪ್ರಶ್ನೆ: ತಂದೆಯ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆದಿದ್ದಾರೆ. ಚಟ ಹತ್ತುತ್ತದೆ, ಕೊನೆಗಾಲಕ್ಕೇ ಕೊಡಬೇಕು ಎಂದು ನೆಂಟರು ಹೆದರಿಸುತ್ತಿದ್ದಾರೆ.
— ಓದುಗರು, ಹಾವೇರಿ

ಉತ್ತರ: ನೋವಿಗೆ ತಕ್ಕಂತೆ ವೈದ್ಯರು ಅಳೆದು ಕೊಟ್ಟಾಗ ಚಟ ಹತ್ತುವುದು ಅಪರೂಪ. ಕೊನೆಗಾಲಕ್ಕೆಂದು ಕಾಯ್ದಿಟ್ಟರೆ ಅಷ್ಟು ದಿನ ನರಳಿಸಿದಂತೆ. ಸಾಮಾನ್ಯ ಮಾತ್ರೆಯ ಕೆಲಸ ಸುಮಾರು 4 ಗಂಟೆ; ಹಾಗಾಗಿ ನೋವು ಮರಳುವವರೆಗೆ ಕಾಯದೆ ವೈದ್ಯರು ಬರೆದ ಗಂಟೆಗೆ ಸರಿಯಾಗಿ ಕೊಡಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾದರೆ ಪುಡಿ ಮಾಡಬೇಡಿ, ಇಡೀ ಡೋಸ್ ಒಮ್ಮೆಲೇ ಮೈಗೇರುತ್ತದೆ. ಮೊದಲ ಎರಡು ಮೂರು ದಿನದ ಮಂಪರು ಇಳಿಯುತ್ತದೆ, ಮಲಬದ್ಧತೆ ಮಾತ್ರ ಇಳಿಯದು. ಮಲ ಸಡಿಲಿಸುವ ಮಾತ್ರೆ ಬರೆದುಕೊಡಲು ಮೊದಲ ದಿನವೇ ಕೇಳಿ. ಎಬ್ಬಿಸಿದರೂ ಏಳದೆ ಉಸಿರು ತೀರಾ ನಿಧಾನವಾದರೆ ಮುಂದಿನ ಮಾತ್ರೆ ತಡೆದು, ತಕ್ಷಣ ಆಸ್ಪತ್ರೆಯನ್ನು ಸಂಪರ್ಕಿಸಿ.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಪರವಾನಗಿ ಸರಳವಾಗಿದ್ದರೂ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲೇ ಹುಡುಕಬೇಕು. ಜಿಲ್ಲಾಸ್ಪತ್ರೆಯಲ್ಲಿ ಉಪಶಾಮಕ ಆರೈಕೆ (ನೋವು, ನರಳಾಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್) ಇದೆಯೇ ವಿಚಾರಿಸಿ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ; ಅದೇ ನಗರದ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ, ನಗರದಲ್ಲಿ ಮನೆಗೂ ಬರುತ್ತದೆ. ಉಳಿದ ಮಾತ್ರೆಗಳನ್ನು ಪಕ್ಕದ ಮನೆಯ ರೋಗಿಗೆ ಕೊಡದೆ, ತಂದ ಕಡೆಗೇ ಎಣಿಸಿ ವಾಪಸ್ ಕೊಡಿ.