ಲಿಟಲ್ ಹವಾನಾದ ತಿಂಡಿ ನಡಿಗೆ: ಸಸ್ಯಾಹಾರಿಗೆ ಏನು ಸಿಗುತ್ತದೆ?

ಪ್ರಶ್ನೆ: ಮಯಾಮಿಯ ಕ್ಯೂಬನ್ ಬಡಾವಣೆ ಲಿಟಲ್ ಹವಾನಾದಲ್ಲಿ ಗೈಡ್ ಜೊತೆ ಕ್ಯೂಬನ್ ತಿಂಡಿ ಸವಿಯುತ್ತಾ ನಡೆಯುವ ಟೂರ್ ಬುಕ್ ಮಾಡಬೇಕೆಂದಿದ್ದೇವೆ. ನನ್ನವರು ಮಾಂಸ ಮುಟ್ಟುವುದಿಲ್ಲ. ದುಡ್ಡು ದಂಡವಾದೀತೇ?

ಉತ್ತರ: ಮೊದಲೇ ತಿಳಿಸಿದರೆ ದಂಡವಾಗದು. ಬುಕ್ ಮಾಡುವಾಗಲೇ ಬರೆದು ತಿಳಿಸಿ. ಅಂಗಡಿಗಳಿಗೆ ಮುಂಚೆಯೇ ಆರ್ಡರ್ ಹೋಗಿರುತ್ತದೆ, ಬಾಗಿಲಲ್ಲಿ ನಿಂತು ಹೇಳಿದರೆ ಬದಲಿ ಸಿಗುವುದು ಕಷ್ಟ. 'ವೆಜಿಟೇರಿಯನ್' ಎಂದಷ್ಟೇ ಬರೆಯಬೇಡಿ, ಹ್ಯಾಮ್ (ಹದಮಾಡಿದ ಹಂದಿಮಾಂಸ) ಮತ್ತು ಹಂದಿ ಕೊಬ್ಬೂ ಬೇಡ ಎಂದು ಬಿಡಿಸಿ ಹೇಳಿ. ಮೋಸ ಹೋಗುವುದು ಅಲ್ಲೇ. ಕಪ್ಪು ಬೀನ್ಸ್ ಸಾರಿಗೆ ಹ್ಯಾಮ್ ಬೀಳುವುದುಂಟು. ಸೀಬೆಹಣ್ಣು ತುಂಬಿದ, ಪಫ್‌ನಂಥ ಪಾಸ್ಟೆಲಿಟೊದ ಪದರ ಹಿಟ್ಟಿನಲ್ಲಿ ಹಂದಿ ಕೊಬ್ಬಿರಬಹುದು. ಬಾಳೆಕಾಯಿ ಟೊಸ್ಟೋನೆಸ್ ಕರಿಯುವ ಎಣ್ಣೆಯಲ್ಲೇ ಕಟ್ಲೆಟ್‌ನಂಥ ಹ್ಯಾಮ್ ಕ್ರೊಕೆಟಾ ಬೆಂದಿರಬಹುದು. ಕ್ಯೂಬನ್ ಸ್ಯಾಂಡ್‌ವಿಚ್ ಅಂತೂ ಹ್ಯಾಮ್, ಹುರಿದ ಹಂದಿಮಾಂಸದ್ದೇ. ಅವು ತೆಗೆದರೆ ಚೀಸ್, ಉಪ್ಪಿನಕಾಯಿ ಸೌತೆ, ಸಾಸಿವೆ ಉಳಿಯುತ್ತದೆ, ಅದಕ್ಕೆ ಆಸೆಪಡಬೇಡಿ.

ಧೈರ್ಯವಾಗಿ ಕುಡಿಯಬಹುದಾದದ್ದು ಗ್ವಾರಾಪೊ, ಅಂದರೆ ಕಬ್ಬಿನ ಹಾಲು. ಕಾಫಿಯಲ್ಲಿ ಕೊಲಾಡಾ ಕೇಳಿದರೆ ಒಂದು ದೊಡ್ಡ ಲೋಟದ ಜೊತೆ ಪುಟ್ಟ ಕಪ್‌ಗಳು ಬರುತ್ತವೆ. ಹಂಚಿಕೊಳ್ಳಲಿಕ್ಕೆಂದೇ ಅದು, ಒಬ್ಬರೇ ಖಾಲಿ ಮಾಡಿದರೆ ರಾತ್ರಿ ನಿದ್ದೆ ಗೋವಿಂದ! ಮೇಲಿನ ನೊರೆ ಹಾಲಿನದಲ್ಲ, ಡಿಕಾಕ್ಷನ್‌ನ ಮೊದಲ ಹನಿಗಳ ಜೊತೆ ಸಕ್ಕರೆ ಕಡೆದದ್ದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಟೂರ್ ಹಿಡಿಯಿರಿ, ಮಧ್ಯಾಹ್ನ ಸೆಕೆಯ ಹಿಂದೆಯೇ ಮಳೆ. ಬೆಳಗ್ಗೆ ತಿಂಡಿ ತಿನ್ನದೆ ಹೊರಡಿ. ಗೈಡ್‌ಗೆ ಶೇ. 15–20 ಟಿಪ್ಸ್ ವಾಡಿಕೆ. ಹೆಸರಾಂತ ವರ್ಸೈಲ್ಸ್ ಹೋಟೆಲ್ ಇರುವುದೂ ಟೂರ್ ಸಾಗುವ ಕಾಯೆ ಓಚೊ ರಸ್ತೆಯಲ್ಲೇ ಆದರೂ, ಟೂರ್‌ಗಳು ಸುತ್ತುವ ಡಾಮಿನೊ ಪಾರ್ಕ್‌ನಿಂದ ದೂರ. ಅಲ್ಲಿಗೆ ಕಾರಿನಲ್ಲಿ ಹೋಗಿ.