ಡಾಕ್ಟರ ಬೆರಳು ಕಚ್ಚಿದ ಮಗನಿಗೆ ಹಲ್ಲುಜ್ಜುವುದನ್ನು ಹೇಗೆ ಕಲಿಸುವುದು?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ನಾಲ್ಕು ವರ್ಷದ ಮಗ ಬ್ರಷ್ ಕಂಡರೆ ಮಂಚದ ಕೆಳಗೆ ತೂರಿಕೊಳ್ಳುತ್ತಾನೆ. ಮೇಲಿನ ಮುಂದಿನ ಹಲ್ಲುಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿದೆ. ಕ್ಲಿನಿಕ್‌ಗೆ ಕರೆದುಕೊಂಡು ಹೋದರೆ ಡಾಕ್ಟರ ಬೆರಳನ್ನೇ ಕಚ್ಚಿದ. ಅತ್ತೆಯವರು "ಹಾಲಹಲ್ಲ ಅವ, ಹೆಂಗೂ ಬೀಳ್ತಾವ, ಬಿಡು" ಅನ್ನುತ್ತಾರೆ. ಈಗ ಏನು ಮಾಡಲಿ ಅಂತ ಕೇಳಿದ್ದೀರಿ. ನೀವೂ ಕಲಬುರಗಿಯವರು ಅಂತ ನೋಡಿ ಬರೆಯಲು ಕೂತೆ.

ನಾನು ಡಾಕ್ಟರ್ ಅಲ್ಲ, ಪ್ರೈಮರಿ ಶಾಲೆಯ ಟೀಚರ್. ಇಬ್ಬರು ಮಕ್ಕಳು. ದೊಡ್ಡವಳ ಹಲ್ಲಿನ ವಿಷಯದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಚಿಕ್ಕವನ ಹೊತ್ತಿಗೆ ಸ್ವಲ್ಪ ಬುದ್ಧಿ ಬಂತು.

ಮಗಳು ಚಿಕ್ಕವಳಿದ್ದಾಗ ನನ್ನ ಕೈಯಲ್ಲಿ ಒಂದು ಅಸ್ತ್ರ ಇತ್ತು. ಊಟ ಬೇಡ ಅಂದರೆ, ಹಠ ಮಾಡಿದರೆ, "ತಡಿ, ಹಲ್ಲಿನ ಡಾಕ್ಟರ ಹಂತೇಕ ಒಯ್ದು ಸೂಜಿ ಹಾಕಸ್ತೀನಿ" ಅನ್ನುತ್ತಿದ್ದೆ. ಕ್ಷಣದಲ್ಲಿ ತಟ್ಟೆ ಖಾಲಿ. ನಮ್ಮನೆಯಲ್ಲಿ ಎಲ್ಲರೂ ಹೀಗೇ ಹೆದರಿಸುತ್ತಿದ್ದರು, ಅದರಲ್ಲಿ ತಪ್ಪಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅವಳಿಗೆ ಐದು ವರ್ಷ ಆದಾಗ ಒಂದು ರಾತ್ರಿ ಕೆನ್ನೆ ಊದಿತು. ಇಡೀ ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಹತ್ತಿರದ ಒಂದು ಕ್ಲಿನಿಕ್‌ಗೆ ಓಡಿದೆವು. ಕುರ್ಚಿ ಕಂಡ ಕೂಡಲೇ ಅವಳು ಕಿರುಚಲು ಶುರು ಮಾಡಿದಳು. ಅಲ್ಲಿಯವರಿಗೂ ತಾಳ್ಮೆ ಇರಲಿಲ್ಲ. ಇಬ್ಬರು ಕೈ ಹಿಡಿದರು, ಒಬ್ಬರು ತಲೆ ಹಿಡಿದರು, ದವಡೆ ಹಲ್ಲು ಕಿತ್ತರು. ಕಾಲು ಹಿಡಿದದ್ದು ನಾನು.

ಆಮೇಲೆ ಮೂರು ವರ್ಷ ಅವಳು ಯಾವ ಡಾಕ್ಟರ ಕುರ್ಚಿಯಲ್ಲೂ ಕೂರಲಿಲ್ಲ. ಕಣ್ಣಿನ ಪರೀಕ್ಷೆಗೆ ಹೋದರೂ ಬಾಯಿ ಬಿಗಿದುಕೊಂಡೇ ಇರುತ್ತಿದ್ದಳು.

ಮಗನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ಹದಿನಾಲ್ಕು ತಿಂಗಳಿಗೆ. ಮನೆಯಲ್ಲಿ ನಕ್ಕರು, "ಆರು ಹಲ್ಲಿಗೆ ಡಾಕ್ಟರಾ?" ಅಂತ. ಆದರೆ ಮಕ್ಕಳ ಹಲ್ಲಿನ ತಜ್ಞರು ಹೇಳುವುದೇ ಹಾಗೆ: ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಇಲ್ಲವೇ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ ಅಂತ. ನಾವು ಎರಡು ತಿಂಗಳು ತಡವೇ. ಅವತ್ತು ಅಲ್ಲಿ ನಡೆದದ್ದು ಏನೂ ಇಲ್ಲ. ಡಾಕ್ಟರ್ ಮತ್ತು ನಾನು ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಿದೆವು. ಮಗುವಿನ ತಲೆ ಅವರ ತೊಡೆ ಮೇಲೆ, ಕಾಲು ನನ್ನ ಸೊಂಟದ ಎರಡೂ ಕಡೆ, ಮುಖ ನನ್ನ ಕಡೆಗೆ. ಸ್ವಲ್ಪ ಅತ್ತ. ಅತ್ತರೆ ಬಾಯಿ ತೆರೆಯುತ್ತದಲ್ಲ, ಅಷ್ಟರಲ್ಲಿ ನೋಡಿ ಮುಗಿಸಿದರು. ಅವನ ಮಟ್ಟಿಗೆ ಅದು ತೊಡೆ ಮೇಲೆ ಮಲಗಿ ಎದ್ದು ಬರುವ ಜಾಗ, ಅಷ್ಟೇ. ನೋವಿಲ್ಲದ ದಿನ ಹೋಗಿ ಬಂದದ್ದೇ ಎಲ್ಲ ವ್ಯತ್ಯಾಸ ಮಾಡಿತು ಅಂತ ನನ್ನ ನಂಬಿಕೆ. ಮಗಳಿಗೆ ಆ ಬಾಗಿಲು ಅಂದರೆ ನೋವು ಅಂತ ಒಂದೇ ಅರ್ಥ ಇತ್ತು, ಪಾಪ.

ನಿಮ್ಮ ಮಗನ ವಿಷಯ ಬೇರೆ. ಅವನಿಗೆ ಕೆಟ್ಟ ಅನುಭವ ಆಗಿಬಿಟ್ಟಿದೆ, ಚುಕ್ಕೆಯೂ ಇದೆ. ಹಾಗಾಗಿ ಕಾಯುವ ಹಾಗಿಲ್ಲ, ನುಗ್ಗುವ ಹಾಗೂ ಇಲ್ಲ. ಮಕ್ಕಳ ಹಲ್ಲಿಗೇ ಓದಿದ ಡಾಕ್ಟರುಗಳಿದ್ದಾರೆ, ಪೆಡೊಡಾಂಟಿಸ್ಟ್ ಅನ್ನುತ್ತಾರೆ. ಗೊತ್ತಿರುವವರು ಯಾರೂ ಇಲ್ಲದಿದ್ದರೆ ನಮ್ಮೂರಲ್ಲೇ ಎರಡು ಡೆಂಟಲ್ ಕಾಲೇಜು ಇವೆ, ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಸಂಸ್ಥೆ ಮತ್ತು ಅಲ್-ಬದರ್. ಡೆಂಟಲ್ ಕಾಲೇಜು ಅಂದಮೇಲೆ ಮಕ್ಕಳಿಗೆ ಬೇರೆ ವಿಭಾಗ ಇದ್ದೇ ಇರುತ್ತದೆ. ಹೋಗುವ ಮೊದಲೇ ಫೋನ್ ಮಾಡಿ ನಡೆದದ್ದನ್ನು ಹೇಳಿ. "ಮೊದಲನೇ ಸಲ ಸುಮ್ನೆ ನೋಡಿ, ಹಲ್ಲು ಎಣಿಸಿ ಕಳಿಸ್ತೀರಾ?" ಅಂತ ಕೇಳಿ. ಒಳ್ಳೆಯ ಡಾಕ್ಟರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಏನು ಮಾಡುತ್ತೇನೆ ಅಂತ ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು ಅನ್ನುವುದು ಅವರ ಓದಿನ ಭಾಗ. ನಮ್ಮ ಡಾಕ್ಟರ್ ಗಾಳಿ ಬಿಡುವ ಪೈಪನ್ನು ಮೊದಲು ಮಗನ ಅಂಗೈಗೆ ಬಿಟ್ಟರು, ಆಮೇಲೆ ಕೆನ್ನೆಗೆ, ಆಮೇಲೆ ಹಲ್ಲಿಗೆ. ಅವನು "ಇನ್ನೊಮ್ಮೆ" ಅಂದ.

ಮನೆಯಲ್ಲೂ ಒಂದು ವಾರ ಆಟ ಆಡಿ. ಚಮಚ, ಮೊಬೈಲ್ ಟಾರ್ಚ್ ಇದ್ದರೆ ಸಾಕು. ಅವನು ಡಾಕ್ಟರ್ ಆಗಲಿ, ನೀವು ಪೇಷಂಟ್. ನಮ್ಮ ಮನೆಯಲ್ಲಿ ಅಜ್ಜನೇ ಪೇಷಂಟ್ ಆಗಿದ್ದರು. ಅಜ್ಜನ ಬಾಯಲ್ಲಿ ಏಳೇ ಹಲ್ಲು, ಮಗನಿಗೆ ಎಣಿಸುವುದು ಸುಲಭ ಆಯಿತು! ತನ್ನ ಬಾಯಲ್ಲಿ ಇಪ್ಪತ್ತು ಇವೆ ಅಂತ ತಿಳಿದಾಗ ಅವನ ಜಂಬ ನೋಡಬೇಕಿತ್ತು. ನಾಲ್ಕು ವರ್ಷಕ್ಕೆ ನಿಮ್ಮವನಿಗೂ ಇಪ್ಪತ್ತೂ ಬಂದಿರುತ್ತವೆ.

ಮಾತಿನ ಬಗ್ಗೆ ಒಂದು ಎಚ್ಚರಿಕೆ. "ನೋವಾಗಲ್ಲ ಪುಟ್ಟ, ಹೆದರಬೇಡ" ಅನ್ನಲೇಬೇಡಿ. ಅಲ್ಲಿಯವರೆಗೆ ನೋವಿನ ಯೋಚನೆಯೇ ಇಲ್ಲದ ಮಗು ಆ ಮಾತಿನಿಂದಲೇ ಹೆದರಲು ಶುರು ಮಾಡುತ್ತದೆ. ಜೊತೆಗೆ ಅದು ಸುಳ್ಳಾದರೆ ಮುಂದಿನ ಸಲ ನಿಮ್ಮನ್ನೂ ನಂಬುವುದಿಲ್ಲ. "ಹಲ್ಲು ಎಣಿಸ್ತಾರೆ, ಫೋಟೊ ತೆಗೀತಾರೆ" ಅಂದರೆ ಸಾಕು. ಬೆಳಗ್ಗೆ ನಿದ್ದೆ, ತಿಂಡಿ ಎಲ್ಲ ಮುಗಿದ ಹೊತ್ತಿಗೆ ಹೋಗಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಕರೆದೊಯ್ದರೆ ದೊಡ್ಡವರೇ ಕಚ್ಚುತ್ತಾರೆ. ಅತ್ತೆ, ಕಾಕಾ, ಚಿಕ್ಕಮ್ಮ ಅಂತ ದಂಡು ಕಟ್ಟಿಕೊಂಡು ಹೋಗಬೇಡಿ, ಒಬ್ಬರು ಸಾಕು. ಮುಗಿದ ಮೇಲೆ ಚಾಕ್ಲೇಟ್ ಆಸೆ ತೋರಿಸಬೇಡಿ. ಲಂಚ ಕೊಡುತ್ತಾರೆ ಅಂದರೆ ಏನೋ ಕೆಟ್ಟದ್ದೇ ಇದೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ನಾವು ಬರುವಾಗ ನಮ್ಮೂರಿನ ಅಪ್ಪನ ಕೆರೆ ದಂಡೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆವು.

ಇನ್ನು ಆ ಕಪ್ಪು ಚುಕ್ಕೆ. ಐರನ್ ಟಾನಿಕ್ ಕುಡಿಯುವ ಮಕ್ಕಳ ಹಲ್ಲು ಮೇಲ್ಮೇಲೆ ಕಪ್ಪಾಗುವುದುಂಟು, ಅದು ಹುಳುಕಲ್ಲ, ಕ್ಲೀನ್ ಮಾಡಿದರೆ ಹೋಗುತ್ತದೆ. ಆದರೆ ಮೇಲಿನ ಮುಂದಿನ ನಾಲ್ಕು ಹಲ್ಲಿನಲ್ಲೇ ಇದ್ದು, ಕೆಳಗಿನವು ಚೆನ್ನಾಗಿದ್ದರೆ ನನಗೆ ರಾತ್ರಿ ಹಾಲಿನ ಬಾಟಲಿಯ ಮೇಲೆ ಅನುಮಾನ. ಕೆಳಗಿನ ಹಲ್ಲುಗಳನ್ನು ನಾಲಿಗೆ, ಜೊಲ್ಲು ಕಾಯುತ್ತವೆ. ಮೇಲಿನವುಗಳಿಗೆ ಆ ರಕ್ಷಣೆ ಇಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಅಲ್ಲೇ ನಿಲ್ಲುತ್ತದೆ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಅದರ ಸಕ್ಕರೆಯನ್ನು ಆಸಿಡ್ ಮಾಡುತ್ತದೆ, ಆಸಿಡ್ ಹಲ್ಲಿನ ಮೇಲ್ಪದರ ಕರಗಿಸುತ್ತದೆ. ಬಾಟಲಿ ಇನ್ನೂ ಇದ್ದರೆ ಇವತ್ತೇ ಬಿಡಿಸಿ, ರಾತ್ರಿ ಬರೀ ನೀರು ಕೊಡಿ. ಎರಡು ಮೂರು ರಾತ್ರಿ ಗಲಾಟೆ ಇರುತ್ತದೆ.

ಹುಳುಕೇ ಆಗಿದ್ದರೂ ಹೆದರಬೇಡಿ. ಚಿಕ್ಕದಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ಔಷಧಿ ಹಚ್ಚಿ ಅಲ್ಲಿಗೇ ನಿಲ್ಲಿಸಬಹುದು. ಕೊರೆಯುವುದು, ಸೂಜಿ ಎರಡೂ ಇಲ್ಲ. ಹುಳುಕಿನ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ, ಅದನ್ನು ಮೊದಲೇ ತಿಳಿದು ಹಚ್ಚಿಸಿ. ನಿಮ್ಮ ಮಗನಿಗೆ ಯಾವುದು ಸರಿ ಅಂತ ನೋಡಿದ ಡಾಕ್ಟರೇ ಹೇಳಬೇಕು. ಕೆನ್ನೆ ಊತ, ಜ್ವರ, ಒಸಡಿನಲ್ಲಿ ಕೀವಿನ ಗುಳ್ಳೆ ಕಂಡರೆ ಮೇಲೆ ಹೇಳಿದ ಆಟಗೀಟ ಎಲ್ಲ ಬಿಟ್ಟು ಅವತ್ತೇ ಓಡಿ.

ಬ್ರಷ್ ವಿಷಯಕ್ಕೆ ಬರುತ್ತೇನೆ. ಮಂಚದ ಕೆಳಗಿಂದ ಎಳೆದು, ಬಚ್ಚಲಲ್ಲಿ ನಿಲ್ಲಿಸಿ, ಎದುರಿಗೆ ನಿಂತು ಉಜ್ಜಿದರೆ ಅದು ಕುಸ್ತಿಯೇ. ನಾನು ಚಾಪೆ ಮೇಲೆ ಕೂತು, ಅವನ ತಲೆ ತೊಡೆ ಮೇಲೆ ಇಟ್ಟುಕೊಂಡು ಹಿಂದಿನಿಂದ ಉಜ್ಜುತ್ತಿದ್ದೆ. ಬಾಯಿ ಪೂರ್ತಿ ಕಾಣುತ್ತದೆ, ಅವನಿಗೂ ಆರಾಮ. ಇವತ್ತು ಏನೇನು ತಿಂದ ಅಂತ ಬಾಯಲ್ಲಿ ಹುಡುಕುವುದು ನಮ್ಮ ಆಟ. "ಅಗಾ, ದವಡೆ ಹಿಂದ ರೊಟ್ಟಿ ಅಡಗಿ ಕೂತದ! ಓಡಿಸೂಣೇನು?" ಮೊದಲ ವಾರ ಹತ್ತು ಸೆಕೆಂಡ್ ಸಿಕ್ಕರೂ ಸಾಕು, ನಿಧಾನಕ್ಕೆ ಎರಡು ನಿಮಿಷಕ್ಕೆ ತನ್ನಿ. ಮೊದಲು ಅವನೇ ಉಜ್ಜಲಿ, ಆಮೇಲೆ ನಿಮ್ಮ ಸರದಿ. ಏಳೆಂಟು ವರ್ಷದವರೆಗೆ ನಿಮ್ಮ ಕೈ ಬೇಕೇ ಬೇಕು. ಶೂ ಲೇಸ್ ತಾನೇ ಕಟ್ಟಿಕೊಳ್ಳಲು ಬಾರದ ಮಗುವಿಗೆ ಹಿಂದಿನ ದವಡೆ ಹಲ್ಲು ಉಜ್ಜಲೂ ಬರುವುದಿಲ್ಲ. ಬೆಳಗ್ಗೆ ತಪ್ಪಿದರೂ ರಾತ್ರಿ ಮಲಗುವ ಮುಂಚಿನದು ತಪ್ಪಿಸಬೇಡಿ. ನಮ್ಮ ಕಡೆ ಬೆಳಗ್ಗೆ ಎದ್ದು ಹಲ್ಲು ತಿಕ್ಕುವುದೊಂದೇ ರೂಢಿ, ಅದಕ್ಕೇ ಇದು ಕಷ್ಟ.

ಪೇಸ್ಟ್ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ನನ್ನದೇ ಕಥೆ. ನನ್ನ ತವರು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಬೋರ್‌ವೆಲ್ ನೀರು ಕುಡಿದು ಬೆಳೆದವಳು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಮದುವೆ ಫೋಟೊದಲ್ಲೂ ತುಟಿ ಮುಚ್ಚಿಯೇ ನಕ್ಕಿದ್ದೇನೆ. ಸರಿಯಾಗಿ ತಿಕ್ಕುವುದಿಲ್ಲ ಅಂತ ಎಷ್ಟು ಬೈಸಿಕೊಂಡೆನೋ, ಇದ್ದಿಲು, ಉಪ್ಪು, ಕುಳ್ಳಿನ ಬೂದಿ ಎಲ್ಲ ಹಾಕಿ ತಿಕ್ಕಿದ್ದಾಯಿತು. ಅದು ಕೊಳೆಯಲ್ಲ, ಫ್ಲೋರೋಸಿಸ್. ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಫ್ಲೋರೈಡ್ ಜಾಸ್ತಿ ಇರುವ ನೀರು ಕುಡಿದರೆ ಹೀಗಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳ ಅಂತರ್ಜಲದಲ್ಲಿ ಇದಕ್ಕಿಂತ ಜಾಸ್ತಿ ಇದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಇದನ್ನು ಕೇಳಿದ ಎಷ್ಟೋ ತಾಯಂದಿರು ಫ್ಲೋರೈಡ್ ಪೇಸ್ಟನ್ನೇ ಬಿಟ್ಟುಬಿಡುತ್ತಾರೆ. ನಾನೂ ಮಗಳಿಗೆ ಹಾಗೇ ಮಾಡಿದ್ದೆ. ಹೊಟ್ಟೆಗೆ ಹೋಗುವುದು ಬೇರೆ, ಹಲ್ಲಿನ ಮೇಲೆ ಹಚ್ಚುವುದು ಬೇರೆ. ಹಚ್ಚಿದ ಫ್ಲೋರೈಡ್ ಹುಳುಕು ತಡೆಯುತ್ತದೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು, ಅಷ್ಟೇ. ಜಾಹೀರಾತಿನಲ್ಲಿ ಬ್ರಷ್ ತುಂಬ ಅಲೆಯ ಹಾಗೆ ಹಾಕಿ ತೋರಿಸುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಉಗುಳಲು ಕಲಿಸಿ, ಉಗುಳಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸುವುದು ಬೇಡ. ನಗರದ ನಲ್ಲಿ ನೀರು ಭೀಮಾ, ಬೆಣ್ಣೆತೊರೆ ಕಡೆಯಿಂದ ಬರುತ್ತದೆ. ನಿಮ್ಮನೆಯಲ್ಲಿ ಬೋರ್ ನೀರು ಕುಡಿಯುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ, ಡಾಕ್ಟರಿಗೂ ಆ ಮಾತು ತಿಳಿಸಿ.

ಮನೆಯಲ್ಲಿ ಹಿರಿಯರು ಮಿಶ್ರಿ ತಿಕ್ಕುತ್ತಾರಾ? ಕೇಳುತ್ತಿರುವುದು ಸುಮ್ನೆ ಅಲ್ಲ. ನಮ್ಮತ್ತೆ ತಿಕ್ಕುತ್ತಿದ್ದರು. ಒಂದು ದಿನ ಮಗ ಅಜ್ಜಿಯ ಡಬ್ಬಿಗೆ ಬೆರಳು ಅದ್ದಿ ಬಾಯಿಗೆ ಇಟ್ಟುಕೊಳ್ಳುವ ಹೊತ್ತಿಗೆ ನಾನು ನೋಡಿದೆ. ಮಿಶ್ರಿ ಅಂದರೆ ಹುರಿದ ತಂಬಾಕು. ಅವತ್ತು ನಾನು ಜಗಳ ಮಾಡಲಿಲ್ಲ, ಡಬ್ಬಿ ಅಟ್ಟ ಏರಿತು. ಮಕ್ಕಳು ನಮ್ಮನ್ನು ನೋಡಿ ಕಲಿಯುವುದು ಒಳ್ಳೆಯದನ್ನಷ್ಟೇ ಅಲ್ಲವಲ್ಲ.

ತಿನ್ನುವುದರ ಬಗ್ಗೆ ನನ್ನದು ಒಂದೇ ಮಾತು, ಎಷ್ಟು ತಿಂದ ಅನ್ನುವುದಕ್ಕಿಂತ ಎಷ್ಟು ಸಲ ತಿಂದ ಅನ್ನುವುದು ಮುಖ್ಯ. ಸಿಹಿ ತಿಂದಾಗಲೆಲ್ಲ ಬಾಯಿ ಸುಮಾರು ಅರ್ಧ ಗಂಟೆ ಆಸಿಡ್‌ನಲ್ಲಿ ಇರುತ್ತದೆ. ಊಟದ ಜೊತೆ ಒಂದು ಶೇಂಗಾ ಹೋಳಿಗೆ ತಿಂದರೆ ಒಂದೇ ಸಲ. ಟೀಯಲ್ಲಿ ಬಿಸ್ಕಿಟ್, ಆಮೇಲೆ ಕುರ್ಕುರೆ, ಆಮೇಲೆ ಚಾಕ್ಲೇಟ್ ಅಂತ ಇಡೀ ದಿನ ಮೆಲ್ಲುತ್ತಿದ್ದರೆ ಹಲ್ಲಿಗೆ ಬಿಡುವೇ ಇಲ್ಲ. ಬೆಲ್ಲವೂ ಹಲ್ಲಿಗೆ ಸಕ್ಕರೆಯೇ. ಅಪ್ಪನ ಜಾತ್ರೆಯ, ಅಂದರೆ ಶರಣಬಸವೇಶ್ವರ ಜಾತ್ರೆಯ, ಬೆಂಡು ಬತ್ತಾಸು ತಪ್ಪಿಸಲು ಆಗುವುದಿಲ್ಲ, ತಪ್ಪಿಸಲೂ ಬೇಡಿ. ತಿಂದು ಮುಗಿಸಿ ನೀರು ಕುಡಿಯಲಿ.

ಜಾತ್ರೆ ಅಂದ ಕೂಡಲೇ ನೆನಪಾಯಿತು. ಹಲ್ಲಿನ ಹುಳ ತೆಗೆಯುತ್ತೇವೆ ಅಂತ ಬೀಜ ಸುಟ್ಟು ಹೊಗೆ ಹಾಕುವವರ ಹತ್ತಿರ ಯಾರಾದರೂ ಕಳಿಸಿದರೆ ಹೋಗಬೇಡಿ. ನೀರಿನ ಬಟ್ಟಲಲ್ಲಿ ಬಿಳಿ ಹುಳದಂತೆ ತೇಲುವುದು ಕಾವಿಗೆ ಒಡೆದ ಬೀಜದ ಒಳಗಿನ ಎಳೆ. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ.

ಅತ್ತೆಯವರಿಗೆ ಹೀಗೆ ಹೇಳಿ ನೋಡಿ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಕೀವಾದರೆ ಅದರ ಬುಡದಲ್ಲಿರುವ ಹೊಸ ಹಲ್ಲಿಗೂ ಪೆಟ್ಟು. ಮುಂಚೆಯೇ ಕಿತ್ತರೆ ಪಕ್ಕದವು ಜರುಗಿ ಜಾಗ ಮುಚ್ಚುತ್ತವೆ. ನನ್ನ ಮಗಳಿಗೆ ಆದದ್ದು ಇದೇ, ಈಗ ಹನ್ನೊಂದು ವರ್ಷಕ್ಕೆ ಹಲ್ಲು ಸರಿಮಾಡಲು ಕ್ಲಿಪ್ ಹಾಕಿಸುವ ಮಾತು ನಡೆದಿದೆ. ಇನ್ನೊಂದು, ಆರು ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಒಂದೊಂದು ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೇ ಬರುವುದರಿಂದ ನಾವು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತೇವೆ. ಅದು ಜೀವನಪೂರ್ತಿ ಇರುವ ಹಲ್ಲು. ಬಂದ ಕೂಡಲೇ ತೋರಿಸಿ, ಹುಳುಕು ಆಗದಂತೆ ಅದರ ಗುಳಿಗಳನ್ನು ಮುಚ್ಚಲು ಸೀಲಂಟ್ ಅಂತ ಹಚ್ಚುತ್ತಾರೆ.

ಬೆರಳು ಕಚ್ಚಿದ್ದಕ್ಕೆ ನಾಚಿಕೆ ಪಡಬೇಡಿ. ಎಂಟನೇ ವಯಸ್ಸಿನಲ್ಲಿ ಮತ್ತೆ ಕುರ್ಚಿ ಹತ್ತಿದಾಗ ನನ್ನ ಮಗಳೂ ಹೊಸ ಡಾಕ್ಟರಿಗೆ ಕಚ್ಚಿದ್ದಳು. ನಾನು ಸಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಬೆರಳು ಕೊಡವಿಕೊಂಡು, ಅವಳ ಕಾರ್ಡ್ ತೆಗೆದು, ಗಂಭೀರವಾಗಿ ಓದಿಕೊಳ್ಳುತ್ತಾ ಬರೆದರು: "ಮುಂದಿನ ಹಲ್ಲು, ಭಾಳ ಗಟ್ಟಿ." ಮಗಳು ಮೂರು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ನಕ್ಕಳು.